ಅರ್ಧ ಇಂಚಿಗಾಗಿ ಮತ್ತೆ ಡಿಸ್ನಿಗೆ

"ಮೊನ್ನೆ ಮೊನ್ನೆ ಹೋಗಿ ಬಂದ್ರಲ್ಲ, ಮತ್ತೆ ಅಲ್ಲಿಗೇನಾ?" ಅಂತ ಕೇಳದವರೇ ಇಲ್ಲ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. 2024ರ ಫೆಬ್ರುವರಿಯಲ್ಲಿ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗಿ ನಾಲ್ಕು ದಿನ ಇದ್ದು ಬಂದಿದ್ದೆವು. ಮೇ ತಿಂಗಳಲ್ಲಿ ಮತ್ತೆ ಹೊರಟೆವು. ನಡುವೆ ಪೂರ್ತಿ ಮೂರು ತಿಂಗಳೂ ಆಗಿರಲಿಲ್ಲ. ಆಗ ತಂದ ಮಿಕ್ಕಿ ಕಿವಿಯ ಹೇರ್‌ಬ್ಯಾಂಡ್ ಇನ್ನೂ ಕಾರಿನ ಹಿಂದಿನ ಸೀಟಿನಲ್ಲೇ ಬಿದ್ದಿತ್ತು.

ಕಾರಣ ಎರಡು. ಮೊದಲನೆಯದು ಅರ್ಧ ಇಂಚು. ಸ್ಪೇಸ್ ಮೌಂಟನ್ ಅನ್ನುವ ರೋಲರ್ ಕೋಸ್ಟರ್ ಹತ್ತಬೇಕಾದರೆ 44 ಇಂಚು ಎತ್ತರ ಇರಬೇಕು, ಅಂದರೆ 112 ಸೆಂಟಿಮೀಟರ್. ಫೆಬ್ರುವರಿಯಲ್ಲಿ ನಮ್ಮ ಪುಟ್ಟಿ ಶೂ ಸಮೇತ ನಲವತ್ತಮೂರೂವರೆ. ಬಾಗಿಲಲ್ಲಿ ನಿಂತ ಹುಡುಗಿ ಅಳತೆ ಕೋಲನ್ನು ತಲೆಯ ಮೇಲೆ ಹಿಡಿದಳು. ಕೋಲಿಗೂ ತಲೆಗೂ ನಡುವೆ ಒಂದು ಬೆರಳು ಹೋಗುವಷ್ಟು ಜಾಗ. ಪುಟ್ಟಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ರಾತ್ರಿ ಊಟದ ತನಕ ಮಾತೇ ಆಡಲಿಲ್ಲ. ಮನೆಗೆ ಬಂದ ಮೇಲೆ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುವುದೇ ದಿನದ ಕೆಲಸವಾಯಿತು. ಪೆನ್ಸಿಲ್ ಗೆರೆಗಳ ಮೇಲೆ ಗೆರೆ. ದಿನಾ ಅಳೆದರೆ ಬೆಳೆಯಲ್ಲ ಅಂತ ನಾನು ಸುಮ್ನೆ ಹೆದರಿಸಿದೆ. ಕೇಳಲಿಲ್ಲ. ಮೇ ಮೊದಲ ವಾರ ಗೆರೆ 44ನ್ನು ದಾಟಿತು.

ಎರಡನೆಯದು ನನ್ನ ಅಮ್ಮ. ಏಪ್ರಿಲ್‌ನಲ್ಲಿ ಆರು ತಿಂಗಳಿಗೆ ಅಂತ ನಮ್ಮಲ್ಲಿಗೆ ಬಂದಿದ್ದಳು. ಅವಳಿಗೆ ಡಿಸ್ನಿ ತೋರಿಸಬೇಕು ಅನ್ನುವುದು ಮನೆಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಕಾರಣ. ನಿಜವಾದ ಕಾರಣ ಬಾಗಿಲ ಚೌಕಟ್ಟಿನ ಮೇಲಿತ್ತು.

ಬುಧವಾರ

ನಾವಿರುವ ಅಟ್ಲಾಂಟಾದಿಂದ ಡಿಸ್ನಿ ಇರುವ ಒರ್ಲ್ಯಾಂಡೊಗೆ ಸುಮಾರು 440 ಮೈಲಿ. ಹೆಚ್ಚಿನ ದಾರಿ ಐ-75 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋಗುತ್ತಲೇ ಇರುವುದು, ಅಷ್ಟೇ. ಫೆಬ್ರುವರಿಯಲ್ಲಿ ಹೊರಡುವ ಮೊದಲು ನಾನು ಎಕ್ಸೆಲ್ ಶೀಟ್ ಮಾಡಿದ್ದೆ. ಯಾವ ರೈಡ್ ಎಷ್ಟು ಗಂಟೆಗೆ, ಯಾವುದು ತಪ್ಪಿದರೆ ಯಾವುದಕ್ಕೆ ಓಡಬೇಕು, ಯಾರು ನೀರಿನ ಬಾಟಲಿ ತುಂಬಿಸಬೇಕು, ಎಲ್ಲ ಕಾಲು ಕಾಲು ಗಂಟೆಯ ಲೆಕ್ಕ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಫೋನ್ ಹಿಡಿದು ಜೀನಿ ಪ್ಲಸ್ ಅನ್ನುವ ಡಿಸ್ನಿಯ ಬುಕಿಂಗ್ ಸೇವೆಯಲ್ಲಿ ಮೊದಲ ರೈಡ್ ಬುಕ್ ಮಾಡಬೇಕಿತ್ತು. ರೈಲ್ವೆ ತತ್ಕಾಲ್ ಟಿಕೆಟ್ ನೆನಪಾಗುವಂಥ ಕೆಲಸ ಅದು. ಈ ಸಲ ಶೀಟೂ ಇಲ್ಲ, ಜೀನಿಯೂ ಇಲ್ಲ. ಮೂರು ದಿನದ ಟಿಕೆಟ್, ದಿನಕ್ಕೊಂದು ಪಾರ್ಕ್. ಆಗ ಡಿಸ್ನಿಯದೇ ಹೋಟೆಲಿನಲ್ಲಿದ್ದೆವು, ಹಾಗಾಗಿ ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಪಾರ್ಕಿನ ಒಳಗೆ ಬಿಡುತ್ತಿದ್ದರು. ಈಗ ಪಕ್ಕದ ಊರು ಕಿಸಿಮಿಯಲ್ಲಿ ಒಂದು ಅಗ್ಗದ ರೂಮು. ಆ ಅರ್ಧ ಗಂಟೆ ಹೋಯಿತು, ದುಡ್ಡು ಉಳಿಯಿತು.

ಫ್ಲಾರಿಡಾ ಗಡಿ ದಾಟಿದ ಕೂಡಲೇ ಹೆದ್ದಾರಿ ಪಕ್ಕ ಸ್ವಾಗತ ಕೇಂದ್ರ ಸಿಗುತ್ತದೆ. ಅಲ್ಲಿ ಪುಟ್ಟ ಲೋಟದಲ್ಲಿ ಕಿತ್ತಳೆ ರಸ ಪುಕ್ಕಟೆ. ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. "ಏನೂ ತಗೋಬೇಕಾಗಿಲ್ವಾ? ಸುಮ್ನೆ ಕೊಡ್ತಾರಾ?" ಅಂತ ಮೂರು ಸಲ ಕೇಳಿದಳು. ಆಮೇಲೆ ಎರಡು ಲೋಟ ಕುಡಿದಳು.

ಅಲ್ಲಿಂದ ಮುಂದೆ ಹುಳುಗಳು ಶುರುವಾದವು. ಲವ್‌ಬಗ್ ಅಂತಾರೆ. ಕಪ್ಪು ಮೈ, ತಲೆಯ ಹಿಂದೆ ಕೆಂಪು ಚುಕ್ಕೆ. ಗಂಡು ಹೆಣ್ಣು ಒಂದಕ್ಕೊಂದು ಅಂಟಿಕೊಂಡೇ ಹಾರುತ್ತವೆ, ಹಾಗಾಗಿ ಈ ಹೆಸರು. ಫ್ಲಾರಿಡಾದಲ್ಲಿ ವರ್ಷಕ್ಕೆ ಎರಡು ಸಲ, ಮೇ ಮತ್ತು ಸೆಪ್ಟೆಂಬರ್ ಸುಮಾರಿಗೆ, ಗುಂಪು ಗುಂಪಾಗಿ ಬರುತ್ತವೆ. ಹೆದ್ದಾರಿಯ ಬಿಸಿಗೂ ಗಾಡಿಗಳ ಹೊಗೆಗೂ ಇವಕ್ಕೆ ಆಸೆ ಜಾಸ್ತಿ. ಅರ್ಧ ಗಂಟೆಯಲ್ಲಿ ಕಾರಿನ ಮುಂಭಾಗಕ್ಕೆ ಯಾರೋ ಸಾಸಿವೆ ಎರಚಿದ ಹಾಗಾಯಿತು. ವೈಪರ್ ಹಾಕಿದರೆ ಇನ್ನೂ ಕೆಟ್ಟದು, ಗಾಜಿಗೆಲ್ಲ ಬಳಿದುಕೊಳ್ಳುತ್ತದೆ. ಬೇಗ ತೊಳೆಯದಿದ್ದರೆ ಬಣ್ಣ ಹಾಳಾಗುತ್ತದೆ ಅಂತ ಇವರು ದಾರಿಯುದ್ದಕ್ಕೂ ಗೊಣಗಿದರು.

ಫೆಬ್ರುವರಿಯಲ್ಲಿ ಈ ಹುಳು ಒಂದೂ ಇರಲಿಲ್ಲ. ಅದೇ ದಾರಿ, ಬೇರೆ ಊರು ಅನಿಸಿತು.

ಗುರುವಾರ, ಮ್ಯಾಜಿಕ್ ಕಿಂಗ್‌ಡಂ

ಮ್ಯಾಜಿಕ್ ಕಿಂಗ್‌ಡಂ ಗೇಟಿನ ಮುಂದೆ ಕಾರು ನಿಲ್ಲಿಸಿ ಒಳಗೆ ಹೋಗುವ ಹಾಗಿಲ್ಲ. ದೂರದಲ್ಲಿ ಪಾರ್ಕಿಂಗ್. ಅಲ್ಲಿಂದ ಟ್ರಾಮ್. ಟ್ರಾಮ್ ಇಳಿದು ಬ್ಯಾಗ್ ತಪಾಸಣೆ. ಆಮೇಲೆ ಮೊನೊರೈಲು ಅಥವಾ ದೊಡ್ಡ ಫೆರಿ ದೋಣಿ ಹತ್ತಿ ಒಂದು ಕೆರೆ ದಾಟಬೇಕು. ನಾವು ಫೆರಿ ಹತ್ತಿದೆವು. "ದೇವರ ದರ್ಶನಕ್ಕೂ ಇಷ್ಟು ಗಾಡಿ ಬದಲಾಯಿಸಿಲ್ಲ ಕಣೇ ನಾನು" ಅಂದಳು ಅಮ್ಮ. ಸೀರೆ, ಅದರ ಕೆಳಗೆ ನನ್ನ ಹಳೇ ಬಿಳಿ ಶೂ, ಕೈಯಲ್ಲಿ ಛತ್ರಿ.

ಪುಟ್ಟಿ ಗೈಡ್ ಆದದ್ದು ಇಲ್ಲೇ. ಯಾರೂ ಹೇಳಿರಲಿಲ್ಲ, ತಾನೇ ಆದಳು. "ಅಜ್ಜಿ, ಈ ಕಡೆ ನಿಂತ್ಕೋ, ಕ್ಯಾಸಲ್ ಮೊದಲು ಈ ಕಡೆಯಿಂದ ಕಾಣತ್ತೆ" ಅಂತ ಕೈ ಹಿಡಿದು ಎಳೆದುಕೊಂಡು ಹೋದಳು. ಫೆಬ್ರುವರಿಯಲ್ಲಿ ಇದೇ ದೋಣಿಯಲ್ಲಿ ನಾನು ಫೋನ್ ನೋಡುತ್ತಾ ನಿಂತಿದ್ದೆ. ಕೋಟೆ ಯಾವ ಕಡೆಯಿಂದ ಕಾಣಿಸಿತು ಅಂತ ನನಗೆ ಗೊತ್ತೇ ಇರಲಿಲ್ಲ.

ಈ ಜಾಗದ ಕಥೆಯೂ ಚೆನ್ನಾಗಿದೆ. ವಾಲ್ಟ್ ಡಿಸ್ನಿ 1960ರ ದಶಕದಲ್ಲಿ ಬೇರೆ ಬೇರೆ ಕಂಪನಿಗಳ ಹೆಸರಲ್ಲಿ ಗುಟ್ಟಾಗಿ ಇಲ್ಲಿ ಜೌಗು ಜಮೀನು ಕೊಂಡರು. ತನ್ನ ಹೆಸರು ಗೊತ್ತಾದರೆ ಬೆಲೆ ಏರುತ್ತದೆ ಅನ್ನುವ ಲೆಕ್ಕ. ಆದರೆ 1966ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಣ್ಣ ರಾಯ್ ನಿವೃತ್ತಿ ಮುಂದೂಡಿ ಕೆಲಸ ಮುಗಿಸಿದರು. ಹೆಸರಿನಲ್ಲಿ ತಮ್ಮನ 'ವಾಲ್ಟ್' ಇರಲೇಬೇಕು ಅಂತ ಪಟ್ಟು ಹಿಡಿದವರೂ ಅವರೇ. 1971ರ ಅಕ್ಟೋಬರ್ 1ರಂದು ಪಾರ್ಕ್ ತೆರೆಯಿತು. ಆ ಡಿಸೆಂಬರ್‌ನಲ್ಲಿ ರಾಯ್ ಕೂಡ ಹೋದರು. ಇವರು ಇದನ್ನು ಹೇಳುವಾಗ ಅಮ್ಮ ಕೋಟೆ ನೋಡುವುದು ಬಿಟ್ಟು ಇವರನ್ನೇ ನೋಡುತ್ತಿದ್ದಳು. "ಅಣ್ಣ ಅಂದ್ರೆ ಹಾಗಿರಬೇಕು" ಅಂದಳು. ಅವಳಿಗೆ ಆ ದಿನದ ಡಿಸ್ನಿ ಅಲ್ಲೇ ಅರ್ಧ ಮುಗಿದಿತ್ತು ಅನಿಸುತ್ತದೆ.

ಇವರಿಗೆ ಇಂಜಿನಿಯರ್ ಹುರುಪು. "ಅತ್ತೆ, ಈಗ ನೀವು ನಿಂತಿರೋದು ಮೊದಲ ಮಹಡಿ ಮೇಲೆ" ಅಂದರು. ನಿಜ. ಕೆಲಸದವರು ಓಡಾಡಲು ಪಾರ್ಕಿನ ಅಡಿಯಲ್ಲಿ ಸುರಂಗಗಳಿವೆ. ಆದರೆ ಫ್ಲಾರಿಡಾದಲ್ಲಿ ಸ್ವಲ್ಪ ಅಗೆದರೂ ನೀರು. ಹಾಗಾಗಿ ಸುರಂಗವನ್ನು ನೆಲದ ಮಟ್ಟದಲ್ಲೇ ಕಟ್ಟಿದರು. ಈಗ ನಾವು ದಾಟಿ ಬಂದ ಕೆರೆಯನ್ನು ತೋಡಿದ ಮಣ್ಣು ತಂದು ಸುತ್ತ ತುಂಬಿದರು. ಅದರ ಮೇಲೆ ಪಾರ್ಕ್. ಕೌಬಾಯ್ ವೇಷದ ಕೆಲಸಗಾರ ರಾಕೆಟ್ ಯುಗದ ಬೀದಿಯಲ್ಲಿ ನಡೆದು ಹೋಗುವುದು ಕಣ್ಣಿಗೆ ಬೀಳಬಾರದು ಅಂತ ಇಷ್ಟೆಲ್ಲ. ಕೋಟೆ 189 ಅಡಿ. ಮೇಲೆ ಹೋದ ಹಾಗೆ ಕಲ್ಲು, ಕಿಟಕಿ ಎಲ್ಲ ಸಣ್ಣದಾಗುತ್ತವೆ, ಹಾಗಾಗಿ ಇರುವುದಕ್ಕಿಂತ ಎತ್ತರ ಕಾಣುತ್ತದೆ. ಕಲ್ಲು ಅಂದೆ, ಅದೂ ಕಲ್ಲಲ್ಲ. ಒಳಗೆ ಕಬ್ಬಿಣ ಕಾಂಕ್ರೀಟು, ಮೇಲೆ ಫೈಬರ್.

ಸರಿ, ಸ್ಪೇಸ್ ಮೌಂಟನ್.

ಪುಟ್ಟಿ ಬಿಳಿ ಗುಡ್ಡದ ಥರದ ಆ ಕಟ್ಟಡದ ಮುಂದೆ ಬಂದಾಗ ನಡಿಗೆ ನಿಧಾನ ಮಾಡಿದಳು. ಜುಟ್ಟು ಬಿಚ್ಚಿದಳು. ಜುಟ್ಟು ಸೇರಿಸಿ ಅಳೆದರು ಅಂತ ಯಾರೂ ಆಮೇಲೆ ಹೇಳಬಾರದಲ್ಲ. ಈ ಸಲ ಕೋಲು ಹಿಡಿದದ್ದು ಒಬ್ಬ ವಯಸ್ಸಾದ ಮನುಷ್ಯ. ಕೋಲು ತಲೆಗೆ ಮುಟ್ಟಿತು. ಆತ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, ಕೈ ಮುಂದೆ ಚಾಚಿದ. ಪುಟ್ಟಿ ಆ ಕೈಗೆ ಚಪ್ಪಾಳೆ ಹೊಡೆದಳು. ನಮ್ಮವರ ಮುಖ ನೋಡಬೇಕಿತ್ತು. ಮಗಳು ಐಐಟಿ ಪಾಸಾದ ಹಾಗೆ.

ಒಳಗೆ ನೀಲಿ ಬೆಳಕಿನ ಉದ್ದ ಓಣಿ. ನಲವತ್ತು ನಿಮಿಷ ಕ್ಯೂ. ಕೊನೆಗೆ ಗಾಡಿಗಳು ಕಾಣುವ ಜಾಗಕ್ಕೆ ಬಂದೆವು. ಇಲ್ಲಿಯ ಸ್ಪೇಸ್ ಮೌಂಟನ್‌ನಲ್ಲಿ ಇಬ್ಬರು ಪಕ್ಕ ಪಕ್ಕ ಕೂರುವುದಿಲ್ಲ. ಒಬ್ಬರ ಹಿಂದೆ ಒಬ್ಬರು. ಪುಟ್ಟಿ ಒಂದು ಗಾಡಿ ಹೋಗುವುದನ್ನು ನೋಡಿದಳು. ಇನ್ನೊಂದನ್ನು ನೋಡಿದಳು.

"ಅಮ್ಮಾ, ನೀನೆಲ್ಲಿ ಕೂರ್ತೀಯಾ?"

"ನಿನ್ನ ಹಿಂದೇನೇ."

"ಕೈ ಹಿಡ್ಕೊಳ್ಳೋಕೆ ಆಗತ್ತಾ?"

"ಆಗಲ್ಲ ಪುಟ್ಟಿ."

ಸ್ವಲ್ಪ ಹೊತ್ತು ಯೋಚಿಸಿದಳು. "ಸರಿ, ಬಾ ಹೋಗೋಣ" ಅಂದಳು. ಗಾಡಿಯ ಕಡೆ ಅಲ್ಲ. ಹೊರಗಿನ ಬಾಗಿಲ ಕಡೆ.

440 ಮೈಲಿ, ಮೂರು ತಿಂಗಳ ಪೆನ್ಸಿಲ್ ಗೆರೆ, ನಲವತ್ತು ನಿಮಿಷದ ಕ್ಯೂ. ಇವರು ಬಾಯಿ ತೆರೆದರು. ನಾನು ಕಣ್ಣಲ್ಲೇ ಬೇಡ ಅಂದೆ. ಅವಳಿಗೆ ಬೇಕಿದ್ದದ್ದು ಕೋಲು ತಲೆಗೆ ಮುಟ್ಟುವುದು. ರೈಡ್ ಬೇಕಿದ್ದದ್ದು ನಮ್ಮವರಿಗೆ. ಹಾಗಾದರೆ ನೀವೇ ಹೋಗಿ ಬನ್ನಿ ಅಂತ ಇವರನ್ನು ಒಬ್ಬರನ್ನೇ ಕಳಿಸಿದೆವು. ಇವರು ಹೋದರು. ಸೊಂಟ ಹಿಡಿದುಕೊಂಡು ವಾಪಸು ಬಂದರು. "1975ರ ಕೋಸ್ಟರ್, ಗಂಟೆಗೆ ಮೂವತ್ತು ಮೈಲಿ ವೇಗಾನೂ ಇಲ್ಲ. ಆದ್ರೆ ಕತ್ತಲಲ್ಲಿ ಯಾವ ಕಡೆ ತಿರುಗತ್ತೆ ಅಂತಾನೇ ಗೊತ್ತಾಗಲ್ಲ" ಅಂದರು. ನಲವತ್ತೆರಡರ ಸೊಂಟಕ್ಕೆ ಅದು ಗೊತ್ತಾಗಿತ್ತು.

ಪುಟ್ಟಿ ನಮ್ಮನ್ನು ಪೀಪಲ್‌ಮೂವರ್‌ಗೆ ಕರೆದುಕೊಂಡು ಹೋದಳು. ಮಹಡಿಯ ಎತ್ತರದಲ್ಲಿ ನಿಧಾನಕ್ಕೆ ಸುತ್ತುವ ಪುಟ್ಟ ಗಾಡಿ. ಅದರಲ್ಲಿ ಮೋಟಾರೇ ಇಲ್ಲ. ಮೋಟಾರು ಹಳಿಯಲ್ಲಿದೆ, ಅಯಸ್ಕಾಂತದ ಬಲದಿಂದ ಗಾಡಿಯನ್ನು ತಳ್ಳುತ್ತದೆ. ಸದ್ದಿಲ್ಲ, ಕುಲುಕಾಟವಿಲ್ಲ, ಕ್ಯೂ ಕೂಡ ಅಷ್ಟಿಲ್ಲ. ಹತ್ತು ನಿಮಿಷ ತಣ್ಣಗೆ ಗಾಳಿ. ಮಜಾ ಏನು ಅಂದರೆ, ಇದು ಸ್ಪೇಸ್ ಮೌಂಟನ್‌ನ ಹೊಟ್ಟೆಯೊಳಗೇ ಹಾದು ಹೋಗುತ್ತದೆ. ಒಳಗೆ ಕತ್ತಲು, ಎಲ್ಲೋ ಮೇಲೆ ಕಿರುಚಾಟ. "ಅಜ್ಜಿ, ಅಪ್ಪ ಕಿರುಚಿದ್ದು ಇಲ್ಲೇ" ಅಂತ ತೋರಿಸಿದಳು. ಮೂರು ಸುತ್ತು ಹೋದೆವು. ಫೆಬ್ರುವರಿಯಲ್ಲಿ ಇದು ನನ್ನ ಶೀಟಿನಲ್ಲಿ 'ಸಮಯ ಉಳಿದರೆ' ಅನ್ನುವ ಸಾಲಿನಲ್ಲಿತ್ತು. ಉಳಿದಿರಲಿಲ್ಲ.

ಅದರ ಪಕ್ಕದಲ್ಲೇ ಕ್ಯಾರಸೆಲ್ ಆಫ್ ಪ್ರೋಗ್ರೆಸ್. ಇದನ್ನೂ ಆಗ ಬಿಟ್ಟಿದ್ದೆವು. ನಾಟಕದ ಥರ, ಗೊಂಬೆಗಳ ಒಂದು ಕುಟುಂಬ. ರಂಗ ತಿರುಗುವುದಿಲ್ಲ, ನೋಡುವವರು ಕೂತ ಸಾಲುಗಳೇ ರಂಗದ ಸುತ್ತ ತಿರುಗುತ್ತವೆ. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಅಂತ ಮಾಡಿದ್ದು. ಒಂದೊಂದು ಸುತ್ತಿಗೂ ಅದೇ ಮನೆ, ಆದರೆ ಕೆಲವು ದಶಕ ಮುಂದೆ. ಮೊದಲು ಐಸ್ ಪೆಟ್ಟಿಗೆ, ಆಮೇಲೆ ಎಲ್ಲೆಂದರಲ್ಲಿ ವೈರು ಜೋತುಬಿದ್ದ ಅಡುಗೆಮನೆ, ಆಮೇಲೆ ಟಿವಿ. ಬಂದವರಲ್ಲಿ ತುಂಬ ಜನ ಎಸಿಗೋಸ್ಕರ ಬಂದು ನಿದ್ದೆ ಹೊಡೆಯುತ್ತಾರೆ. ನಾನೂ ಅದಕ್ಕೇ ಹೋದದ್ದು.

ಅಮ್ಮ ಮಾತ್ರ ಮುಂದಕ್ಕೆ ಬಗ್ಗಿ ಕೂತಿದ್ದಳು. ಮಾತು ಇಂಗ್ಲಿಷು, ಅರ್ಧ ಅರ್ಥವಾಗಿರಲಿಕ್ಕಿಲ್ಲ. ಬೇಕಾಗಿರಲೂ ಇಲ್ಲ. ಹೊಸ ಯಂತ್ರಗಳನ್ನೆಲ್ಲ ಒಟ್ಟಿಗೆ ಹಾಕಿ ಫ್ಯೂಸ್ ಹೋಗುವ ದೃಶ್ಯದಲ್ಲಿ ಗಟ್ಟಿಯಾಗಿ ನಕ್ಕಳು. ಹೊರಗೆ ಬಂದ ಮೇಲೆ ಮಿಕ್ಸಿ ಬಂದ ದಿನದ ಕಥೆ ಶುರುವಾಯಿತು. ಅಪ್ಪ ಮಿಕ್ಸಿ ತಂದಿಟ್ಟ ದಿನ ಮುಚ್ಚಳ ಸರಿಯಾಗಿ ಹಾಕದೆ ಚಟ್ನಿ ಗೋಡೆಗೆಲ್ಲ ಹಾರಿದ್ದು, ಅದಾದ ಮೇಲೂ ಎರಡು ವರ್ಷ ಒರಳಲ್ಲೇ ರುಬ್ಬಿದ್ದು. ಈ ಕಥೆ ನನಗೇ ಗೊತ್ತಿರಲಿಲ್ಲ. "ಅಜ್ಜಿ, ಒರಳು ಅಂದ್ರೆ?" ಅಂದಳು ಪುಟ್ಟಿ. ಬೆಂಚಿನ ಮೇಲೆ ಕೂತು ಒರಳಿನ ಪಾಠ. ನಮ್ಮ ಎದುರಿಗೇ ಮೆರವಣಿಗೆಗೆ ಜನ ಓಡುತ್ತಿದ್ದರು. ಇಪ್ಪತ್ತು ನಿಮಿಷವಾದರೂ ಆಗಿರಬೇಕು, ನಾವು ಏಳಲಿಲ್ಲ.

ರಾತ್ರಿ ಬಾಣಬಿರುಸು. ಆಗ ಒಂದೂವರೆ ಗಂಟೆ ಮೊದಲೇ ಮೇನ್ ಸ್ಟ್ರೀಟ್‌ನಲ್ಲಿ ಜಾಗ ಹಿಡಿದು, ಯಾರದೋ ಹೆಗಲ ಮೇಲಿನ ಮಗುವಿನ ಬೆನ್ನು ನೋಡಿ ಬಂದಿದ್ದೆವು. ಈ ಸಲ ಅದು ಶುರುವಾಗುವ ಮೊದಲೇ ಹೊರಟು ಫೆರಿ ಹತ್ತಿದೆವು. ದೋಣಿ ನಡುನೀರಿಗೆ ಬಂದಾಗ ಹಿಂದೆ ಆಕಾಶ ಕೆಂಪಾಯಿತು. ಸದ್ದು ಸ್ವಲ್ಪ ತಡವಾಗಿ ತಲುಪುತ್ತಿತ್ತು. ನೀರಲ್ಲಿ ಇನ್ನೊಂದು ಸಲ ಎಲ್ಲ ಕಂಡಿತು. ಪುಟ್ಟಿ ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿದ್ದಳು.

ಶುಕ್ರವಾರ, ಎಪ್ಕಾಟ್

ಎದ್ದದ್ದೇ ಒಂಬತ್ತಕ್ಕೆ. ಇವರ ಸೊಂಟಕ್ಕೆ ಮುಲಾಮು.

ಫೆಬ್ರುವರಿಯಲ್ಲಿ ಎಪ್ಕಾಟ್‌ನಲ್ಲಿ ಕಲಾ ಉತ್ಸವ ಇತ್ತು. ಈಗ ಹೂವಿನ ಉತ್ಸವ. ಗೇಟಿನಿಂದಲೇ ಗಿಡಬಳ್ಳಿಗಳಲ್ಲಿ ಮಾಡಿದ ಆಳೆತ್ತರದ ಗೊಂಬೆಗಳು. ಆಗ ಬೋಳಾಗಿದ್ದ ಮೂಲೆಗಳೆಲ್ಲ ಬಣ್ಣ. ಮತ್ತೆ ಯಾಕೆ ಅಂತ ಕೇಳಿದವರಿಗೆ ತೋರಿಸಲು ಎರಡೂ ಸಲದ ಫೋಟೋ ಒಂದೇ ಜಾಗದಲ್ಲಿ ತೆಗೆದೆ. ತೋರಿಸಿದೆ ಕೂಡ. ಯಾರಿಗೂ ವ್ಯತ್ಯಾಸ ಕಾಣಲಿಲ್ಲ.

ಅಮ್ಮನಿಗೆ ಇಷ್ಟವಾದದ್ದು ಲಿವಿಂಗ್ ವಿತ್ ದಿ ಲ್ಯಾಂಡ್. ದೋಣಿಯಲ್ಲಿ ಕೂತು ಗಾಜಿನ ಮನೆಗಳ ಒಳಗೆ ಹಾದು ಹೋಗುವುದು. ಮಣ್ಣಿಲ್ಲದೆ, ಬೇರು ಗಾಳಿಯಲ್ಲಿ ತೂಗಾಡುತ್ತಾ ಬೆಳೆಯುವ ಗಿಡಗಳು. ಮಿಕ್ಕಿ ಆಕಾರದ ಅಚ್ಚಿನೊಳಗೆ ಬೆಳೆಸಿದ ಕುಂಬಳ. ಇಲ್ಲಿ ಬೆಳೆದದ್ದು ಪಾರ್ಕಿನ ಹೋಟೆಲಿಗೇ ಹೋಗುತ್ತದೆ. ಎಲ್ಲರೂ ಬೇರಿನ ಫೋಟೋ ತೆಗೆಯುತ್ತಿದ್ದರೆ ಅಮ್ಮ "ಬಾಳೆ! ಪರಂಗಿ! ಅಯ್ಯೋ ಹಲಸು ಕಣೇ!" ಅಂತ ಹಳೇ ನೆಂಟರು ಸಿಕ್ಕ ಹಾಗೆ ಕೂಗುತ್ತಿದ್ದಳು. ಮುಂದಿನ ಸಾಲಿನ ಹೆಂಗಸು ತಿರುಗಿ ನಕ್ಕಳು. ಎರಡನೇ ಸಲ ಹೋದಾಗ ಅಮ್ಮ ಸುಮ್ಮನೆ ಕೂತು ಪ್ರತಿ ಗಿಡದ ಎಲೆ ನೋಡಿದಳು. "ಹುಳ ಬಿದ್ದಿಲ್ಲ" ಅಂತ ತೀರ್ಪು ಕೊಟ್ಟಳು.

ಮಧ್ಯಾಹ್ನ ಮೂರಕ್ಕೆ ಆಕಾಶ ಕಪ್ಪಾಗಿ ಸಿಡಿಲು. ಫ್ಲಾರಿಡಾದಲ್ಲಿ ಬೇಸಿಗೆ ಹತ್ತಿರ ಬಂದರೆ ಇದು ಮಾಮೂಲು. ಛತ್ರಿ ಕಾರಲ್ಲಿತ್ತು. ಹಿಂದಿನ ದಿನ ಬಿಸಿಲಿಗೆ ಹೊತ್ತು ತಿರುಗಿ, ಈ ದಿನ ಮರೆತದ್ದು ನಾನೇ. ಓಡಿ ಹೋಗಿ ಆ ದೊಡ್ಡ ಬೆಳ್ಳಿ ಚೆಂಡಿನ ಕೆಳಗೆ ನಿಂತೆವು. ಸ್ಪೇಸ್‌ಶಿಪ್ ಅರ್ತ್ ಅಂತ ಅದರ ಹೆಸರು. 180 ಅಡಿ ಎತ್ತರ, ಹೊರಗೆ 11,324 ತ್ರಿಕೋನದ ಹಲಗೆಗಳು. ಅಷ್ಟು ದೊಡ್ಡ ಚೆಂಡಿನ ಮೇಲೆ ಸುರಿದ ಮಳೆ ಅಂಚಿನಿಂದ ಧೋ ಅಂತ ನಮ್ಮ ಮೇಲೆ ಬೀಳಬೇಕು, ಅಲ್ವಾ? ಬೀಳುವುದಿಲ್ಲ. ಹಲಗೆಗಳ ನಡುವಿನ ಸಂದಿಯಲ್ಲಿ ನೀರು ಒಳಗೆ ಇಳಿದು, ಕಾಲುವೆ ಹಿಡಿದು, ಹಿಂದಿನ ಕೆರೆಗೆ ಹೋಗುತ್ತದೆ. ಎಂಜಿನಿಯರ್ ಸಾಹೇಬರು ಇದನ್ನು ಫೆಬ್ರುವರಿಯಲ್ಲೂ ಹೇಳಿದ್ದರು. ಆಗ ಬಿಸಿಲಿತ್ತು, ಹೂಂ ಅಂದಿದ್ದೆ. ಈಗ ಸುತ್ತ ಮಳೆಯ ಗೋಡೆ, ನಡುವೆ ಒಣ ನೆಲದಲ್ಲಿ ನಾವು ನಾಲ್ಕು ಜನ. ಅಮ್ಮನ ಚೀಲದಿಂದ ಚಕ್ಕುಲಿ ಡಬ್ಬಿ ಹೊರಬಂತು. ಇಲ್ಲಿ ಹೊರಗಿನ ತಿಂಡಿ ತರಬಹುದು, ಗಾಜಿನ ಬಾಟಲಿ ಮತ್ತು ಮದ್ಯ ಮಾತ್ರ ಬೇಡ.

ಮಳೆ ನಿಂತ ಮೇಲೆ ವರ್ಲ್ಡ್ ಶೋಕೇಸ್. ಕೆರೆಯ ಸುತ್ತ ಒಂದೂಕಾಲು ಮೈಲಿಯ ಹತ್ತಿರದ ದಾರಿ, ಹನ್ನೊಂದು ದೇಶಗಳ ಬೀದಿಗಳು. ಮೆಕ್ಸಿಕೊ, ನಾರ್ವೆ, ಚೀನಾ ಅಂತ ಪುಟ್ಟಿ ಒಂದೊಂದೇ ಹೇಳುತ್ತಾ ಹೋದಳು. ಅಮ್ಮ ಜಪಾನ್ ತನಕ ಕಾದಳು. ಮೊರಾಕೊ ತನಕವೂ ಕಾದಳು. ಕೆನಡಾ ಬಂದು ಬೀದಿ ಮುಗಿಯಿತು.

"ನಮ್ಮ ದೇಶ ಎಲ್ಲಿದೆಯೇ?"

ನಾನು ಉತ್ತರ ಹುಡುಕುತ್ತಿದ್ದೆ. ಗೈಡ್‌ಗೆ ತಡವಾಗಲಿಲ್ಲ.

"ಅದು ನಾಳೆ ಅಜ್ಜಿ."

ಶನಿವಾರ, ಅನಿಮಲ್ ಕಿಂಗ್‌ಡಂ

ಈ ಒಂದು ದಿನ ಮಾತ್ರ ಬೇಗ ಎದ್ದೆವು. ಸಫಾರಿಗೆ ಬೆಳಿಗ್ಗೆಯೇ ಹೋಗಬೇಕು, ಬಿಸಿಲೇರಿದರೆ ಪ್ರಾಣಿಗಳು ನೆರಳು ಸೇರುತ್ತವೆ. ಆಗ ನಡುಮಧ್ಯಾಹ್ನ ಹೋಗಿ ಸಿಂಹದ ಬಾಲ ನೋಡಿದ್ದೆವು. ಈ ಸಲ ಇಡೀ ಸಿಂಹ. ಒಂದು ಜಿರಾಫೆ ರಸ್ತೆಗೆ ಅಡ್ಡ ನಿಂತು, ಹತ್ತು ನಿಮಿಷ ನಮ್ಮ ಟ್ರಕ್ಕನ್ನು ನಿಲ್ಲಿಸಿತು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ನಮಗೂ.

ಏಷ್ಯಾ ಭಾಗದಲ್ಲಿ ಒಂದು ಕಲ್ಪನೆಯ ಊರು ಕಟ್ಟಿದ್ದಾರೆ. ಹೆಸರು ಆನಂದಪುರ. ಇಂಗ್ಲಿಷಿನಲ್ಲಿ ಬರೆದದ್ದನ್ನು ಸುತ್ತಲಿನವರು ನಾಲಿಗೆ ತಿರುಚಿ ಓದುತ್ತಿದ್ದರು. ನಮಗೆ ಬಸ್ ಬೋರ್ಡ್ ಓದಿದಷ್ಟು ಸಲೀಸು. ಸುಣ್ಣ ಉದುರಿದ ಗೋಡೆ, ಮಾಸಿದ ಬಣ್ಣದ ಬೋರ್ಡುಗಳು, ಒರಗಿಸಿಟ್ಟ ಹಳೇ ಸೈಕಲ್ಲು, ತಲೆಯ ಮೇಲೆ ಗಂಟು ಗಂಟಾಗಿ ಜೋತುಬಿದ್ದ ಕರೆಂಟಿನ ತಂತಿ. ಎಲ್ಲ ಹೊಸದಾಗಿ ಕಟ್ಟಿ, ಬೇಕಂತಲೇ ಹಳೆಯದು ಮಾಡಿದ್ದು. ಅಮ್ಮ ಸುತ್ತಲೂ ನೋಡಿದಳು.

"ಇಷ್ಟು ದೂರ ಬಂದು, ಇಷ್ಟು ದುಡ್ಡು ಕೊಟ್ಟು, ನಮ್ಮ ಬಸ್ ಸ್ಟ್ಯಾಂಡ್ ನೋಡ್ತಿದೀವಾ?"

ಆದರೆ ಹುಲಿಗಳ ಜಾಗದಲ್ಲಿ ಸುಮ್ಮನಾದಳು. ಪಾಳುಬಿದ್ದ ಅರಮನೆಯ ಥರದ ಗೋಡೆಗಳ ನಡುವೆ ಹುಲಿ ಮಲಗಿತ್ತು. ಇಲ್ಲಿಗೆ ಬಂದ ಮೇಲೆ ಮೊದಲ ಸಲ ಅವಳೇ ಫೋಟೋ ತೆಗಿ ಅಂದಳು.

ಆನಂದಪುರದ ಹಿಂದೆ ಎಕ್ಸ್‌ಪಿಡಿಷನ್ ಎವರೆಸ್ಟ್. ಹಿಮದ ಬೆಟ್ಟದ ಒಳಗೆ ಹೋಗುವ ರೈಲಿನಂಥ ರೋಲರ್ ಕೋಸ್ಟರ್, ಒಳಗೊಂದು ಯೇತಿ. 2006ರಲ್ಲಿ ತೆರೆದದ್ದು. ಎತ್ತರ 199 ಅಡಿ ಚಿಲ್ಲರೆ. ಇನ್ನೂರು ಮುಟ್ಟಿದರೆ ವಿಮಾನಗಳಿಗೆ ಕಾಣುವ ಕೆಂಪು ದೀಪ ಹಾಕಬೇಕಾಗುತ್ತದೆ. ಹಿಮಾಲಯದ ತುದಿಯಲ್ಲಿ ಕೆಂಪು ಬಲ್ಬು ಮಿನುಗಿದರೆ ಚೆನ್ನಾಗಿರಲ್ಲ, ಅದಕ್ಕೇ ಅಷ್ಟಕ್ಕೇ ನಿಲ್ಲಿಸಿದರು. ಇಲ್ಲೂ ಅರ್ಧ ಇಂಚಿನ ಲೆಕ್ಕವೇ ಅನ್ನಿ. ಹತ್ತುವವರಿಗೂ ಅದೇ 44 ಇಂಚು.

ನಾವು ಇದರ ಸುದ್ದಿ ಎತ್ತಿರಲಿಲ್ಲ. ಪುಟ್ಟಿ ಕೆಳಗೆ ನಿಂತು, ಕಿರುಚಾಡುವ ರೈಲು ಬೆಟ್ಟದಿಂದ ಹೊರಗೆ ಧುಮುಕುವುದನ್ನು ನಾಲ್ಕು ಸಲ ನೋಡಿದಳು.

"ಇಲ್ಲಿ ಇಬ್ಬರು ಪಕ್ಕ ಪಕ್ಕ ಕೂತಿದಾರೆ" ಅಂದಳು.

ನನ್ನ ಎದೆ ಧಸಕ್ ಅಂದಿತು. ಯಾಕೆಂದರೆ ರೋಲರ್ ಕೋಸ್ಟರ್ ಇವರ ಇಲಾಖೆ. ಗುರುವಾರ ನಾನು ಅವಳ ಹಿಂದಿನ ಸೀಟಿಗೆ ಒಪ್ಪಿದ್ದೇ ದೊಡ್ಡದು. ಹೊರಗಿನ ಬಾಗಿಲು ಕಂಡಾಗ ಅವಳಿಗಿಂತ ಹೆಚ್ಚು ಖುಷಿಯಾದದ್ದು ನನಗೆ, ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಇವರು ಬೆಂಚಿನ ಮೇಲೆ ಸೊಂಟಕ್ಕೆ ಬಿಸಿನೀರಿನ ಬಾಟಲಿ ಇಟ್ಟುಕೊಂಡು ಅತ್ತೆಯ ಪಕ್ಕ ಕೂತಿದ್ದರು. "ನೀನೇ ಹೋಗ್ಬಿಟ್ಟು ಬಾ" ಅಂದರು. ಮುಖದಲ್ಲಿ ಒಂದು ಚೂರೂ ನೋವಿರಲಿಲ್ಲ.

ಮತ್ತೆ ಕೋಲು, ಮತ್ತೆ ಪಾಸು. ಕ್ಯೂ ಒಂದು ಪ್ರವಾಸ ಕಚೇರಿಯ ಮೂಲಕ, ಆಮೇಲೆ ಯೇತಿಯ ಮ್ಯೂಸಿಯಂ ಮೂಲಕ ಹೋಗುತ್ತದೆ. ಯೇತಿಯ ಹೆಜ್ಜೆ ಗುರುತು, ಹರಿದ ಡೇರೆ. ಪುಟ್ಟಿ ಎಲ್ಲ ನಿಂತು ನೋಡಿದಳು. ನಾನು ಹೊರಗಿನ ಬಾಗಿಲು ಎಲ್ಲಿದೆ ಅಂತ ನೋಡಿದೆ. ಅವಳು ಕೇಳಲಿಲ್ಲ.

ರೈಲು ಹೊರಟಿತು. ಅವಳ ಕೈ ನನ್ನ ಕೈಯಲ್ಲಿ. ಮೊದಲು ಒಂದು ಗುಡಿಯ ಥರದ ಕಟ್ಟಡ, ಆಮೇಲೆ ನೆಟ್ಟಗೆ ಮೇಲಕ್ಕೆ. ಅಲ್ಲಿಂದ ಇಡೀ ಪಾರ್ಕ್, ಮರಗಳು, ದೂರದ ಬೆಳ್ಳಿ ಚೆಂಡು. ತುದಿಯಲ್ಲಿ ಹಳಿ ಕಿತ್ತು ಹೋಗಿದೆ, ಯೇತಿ ಕಿತ್ತಿದ್ದು. ರೈಲು ನಿಲ್ಲುತ್ತದೆ. ಎರಡು ಕ್ಷಣ ಏನೂ ಇಲ್ಲ, ಗಾಳಿ ಮಾತ್ರ. ಆಮೇಲೆ ಹಿಂದಕ್ಕೆ. ಬೆನ್ನು ಮುಂದಾಗಿ, ಕತ್ತಲೊಳಗೆ, ಎಲ್ಲಿಗೆ ಅಂತ ಗೊತ್ತಿಲ್ಲದೆ. ನನ್ನ ಹೊಟ್ಟೆ ಮೇಲೇ ಉಳಿಯಿತು. ಮತ್ತೆ ನಿಂತಿತು. ಮತ್ತೆ ಮುಂದಕ್ಕೆ, ಬೆಟ್ಟದಿಂದ ಕೆಳಕ್ಕೆ 80 ಅಡಿ. ಆಮೇಲೆ ಎಡಕ್ಕೆ, ಬಲಕ್ಕೆ, ಒಂದು ಗರ್ಜನೆ, ಬೆಳಕು, ಮುಗಿಯಿತು.

ಪುಟ್ಟಿಯ ಕೂದಲೆಲ್ಲ ನೆಟ್ಟಗೆ ನಿಂತಿತ್ತು. ಕೆಳಗಿಳಿದು ಬೆಂಚಿನ ತನಕ ಓಡಿದಳು.

"ಅಪ್ಪಾ, ನಾನು ಯೇತಿ ನೋಡಿದೆ! ಇಷ್ಟು ದೊಡ್ಡದು!"

"ಹೌದಾ? ಏನು ಬಣ್ಣ?" ಅಂದರು ಇವರು.

ಪುಟ್ಟಿ ನನ್ನ ಕಡೆ ನೋಡಿದಳು.

"ಬಿಳಿ" ಅಂದೆ ನಾನು, ಧೈರ್ಯವಾಗಿ. ಯೇತಿ ಇನ್ನೇನು ಬಣ್ಣ ಇರುತ್ತದೆ?

ಇಂಥ ರೈಡ್‌ಗಳಲ್ಲಿ ನಡುವೆ ಎಲ್ಲೋ ಒಂದು ಕ್ಯಾಮೆರಾ ಇರುತ್ತದೆ. ಹೊರಬರುವ ಬಾಗಿಲಲ್ಲಿ ಪರದೆಯ ಮೇಲೆ ಎಲ್ಲರ ಫೋಟೋ. ಇವರು ಅಲ್ಲಿಗೆ ಹೋಗಿ ನಮ್ಮದನ್ನು ಹುಡುಕಿ, ಫೋನಿನಲ್ಲಿ ಪರದೆಯದೇ ಫೋಟೋ ತೆಗೆದು ತಂದರು. ಮುಂದಿನ ಸಾಲಿನ ಹುಡುಗರು ಕೈ ಮೇಲೆತ್ತಿ ನಗುತ್ತಿದ್ದಾರೆ. ಅವರ ಹಿಂದೆ ನಾನು ಮತ್ತು ಪುಟ್ಟಿ. ಇಬ್ಬರ ಕಣ್ಣೂ ಗಟ್ಟಿಯಾಗಿ ಮುಚ್ಚಿದೆ. ಮೂಗು ಕೂಡ ಒಂದೇ ಥರ ಸೊಟ್ಟಗಾಗಿದೆ.

ಅಮ್ಮ ಕನ್ನಡಕ ಹಾಕಿಕೊಂಡು ಫೋಟೋ ನೋಡಿದಳು. ಹತ್ತಿರ ಹಿಡಿದು ಇನ್ನೊಂದು ಸಲ ನೋಡಿದಳು.

"ಹಾಗಾದ್ರೆ ಯಾರೂ ನೋಡಿಲ್ಲ" ಅಂದಳು.

ಭಾನುವಾರ

ದಾರಿ ಅದೇ, ಹುಳ ಇನ್ನೂ ಜಾಸ್ತಿ. ಸೊಂಟದ ಕಾರಣಕ್ಕೆ ಹೆಚ್ಚಿನ ದಾರಿ ನಾನೇ ಓಡಿಸಿದೆ. ಕಿತ್ತಳೆ ರಸದ ಕೇಂದ್ರ ಹೋಗುವಾಗಿನ ಬದಿಗೆ ಮಾತ್ರ, ಅದು ಅಮ್ಮನಿಗೆ ಬೇಸರವಾಯಿತು.

ಸಂಜೆ ಮನೆ ತಲುಪಿ, ಇವರು ಸೊಂಟ ಮರೆತು ಬಕೆಟ್ ತಂದರು. ಬಂಪರ್ ಉಜ್ಜತೊಡಗಿದರು. ಪುಟ್ಟಿ ಚೀಲವನ್ನೂ ಇಳಿಸದೆ ಅಡುಗೆಮನೆಗೆ ಓಡಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು.

"44 ಆಯ್ತಲ್ಲ, ಇನ್ಯಾಕೆ?" ಅಂದೆ.

"ಡಿಸ್ನಿಯ ಸಿನಿಮಾ ಪಾರ್ಕಲ್ಲಿ ಕತ್ತಲೆ ಕೋಸ್ಟರ್ ಇದೆಯಲ್ಲ, ಗಿಟಾರ್ ಇರೋದು. ಅದಕ್ಕೆ 48."

ಅಮ್ಮ ಪೆನ್ಸಿಲ್ ಹುಡುಕುತ್ತಿದ್ದಳು.